ಅಪ್ಪನ ಬೆರಳುಗಳ ಲೆಕ್ಕ

ಚಿಕ್ಕಬಾಣಾವರದ ಮುನೀಂದ್ರ ಮನೆ ಬಿಟ್ಟು ಹೊರಡುವುದೆಂದರೆ ಅದೊಂದು ಸಣ್ಣ ಪೂಜೆಯೇ. ಮೆಟ್ಟಿದ ಚಪ್ಪಲಿ ಮತ್ತೆ ಬಿಟ್ಟು ಒಳಗೆ ಹೋಗಿ, ಅಡುಗೆಮನೆಯ ಹೊಸಿಲಲ್ಲಿ ನಿಂತು, ಬಲಗೈಯ ತೋರುಬೆರಳನ್ನು ನೆಟ್ಟಗೆ ಚಾಚಿ “ಗ್ಯಾಸ್ ಬಂದ್” ಎನ್ನುತ್ತಾನೆ. ಬಚ್ಚಲಮನೆಯ ಕಡೆ ತಿರುಗಿ “ಗೀಸರ್ ಬಂದ್” ಎನ್ನುತ್ತಾನೆ. ಇಸ್ತ್ರಿಪೆಟ್ಟಿಗೆ ವಾರದಿಂದ ಬೀರುವಿನ ಮೇಲೆ ತಣ್ಣಗೆ ಮಲಗಿದ್ದರೂ ಅದಕ್ಕೂ ಒಂದು ಬೆರಳು, “ಇಸ್ತ್ರಿ ಬಂದ್.” ಮೆಟ್ಟಿಲ ತುದಿಯ ಗೇಟಿಗೆ ಚಿಲಕ ಹಾಕಿ ಅದನ್ನೂ ತೋರಿಸಿ ಹೇಳಿದ ಮೇಲೆಯೇ ಕೆಳಗಿಳಿಯುವುದು. ದೇವರಿಗೇ ದಿನಕ್ಕೆ ಎರಡು ಮಂಗಳಾರತಿ, ನನ್ನ ಮಗ ಗ್ಯಾಸಿಗೆ ಮೂರು ಎತ್ತುತ್ತಾನೆ ಎಂದು ಅವನ ತಾಯಿ ರಾಮಕ್ಕ ಎಲೆ ಅಡಿಕೆ ಜಗಿಯುತ್ತಾ ಬಾಡಿಗೆಯವರ ಮುಂದೆ ಆಡಿಕೊಳ್ಳುತ್ತಾಳೆ.

ಈ ಬೆರಳಿನ ವಿದ್ಯೆ ಅವನಿಗೆ ಬಂದದ್ದು ಕೆಲಸದಿಂದ. ಪೀಣ್ಯದ ಒಂದು ಪ್ರೆಸ್ ಶಾಪಿನಲ್ಲಿ ಅವನು ಸೂಪರ್‌ವೈಸರ್. ಅಚ್ಚಿನ ಮೇಲೆ ತಗಡನ್ನು ಇಟ್ಟರೆ ಮೇಲಿನಿಂದ ಉಕ್ಕಿನ ದಿಮ್ಮಿ ಧಡಕ್ಕೆಂದು ಇಳಿಯುತ್ತದೆ, ತಗಡು ಒಂದೇ ಏಟಿಗೆ ಬೈಕಿನ ಬಿಡಿಭಾಗವಾಗಿ ಈಚೆ ಬರುತ್ತದೆ. ತಗಡಿಗೂ ಮನುಷ್ಯನ ಕೈಗೂ ಇರುವ ವ್ಯತ್ಯಾಸ ಆ ಯಂತ್ರಕ್ಕೆ ಗೊತ್ತಿಲ್ಲ. ಅದಕ್ಕೇ ಪಾಳಿ ಶುರುವಾಗುವ ಮುನ್ನ ಪ್ರತಿಯೊಬ್ಬನೂ ಒಂದೊಂದು ಭಾಗವನ್ನು ಬೆರಳಿಂದ ತೋರಿಸಿ ಬಾಯಿಬಿಟ್ಟು ಹೇಳಬೇಕೆಂದು ಅಲ್ಲಿ ನಿಯಮವಿದೆ. ಒಳ್ಳೆಯ ನಿಯಮ, ನಾನು ಅದಕ್ಕೆ ಹೆಸರಿಡುವುದಿಲ್ಲ. ಆದರೆ ಮೂರು ವರ್ಷದ ಕೆಳಗೆ ಪಕ್ಕದ ಶೆಡ್ಡಿನ ಆಪರೇಟರ್ ಒಬ್ಬನ ಎರಡು ಬೆರಳು ಹೋದವು. ಆ ಕೈಯನ್ನು ಟವೆಲ್ಲಿನಲ್ಲಿ ಸುತ್ತಿ ಹಿಡಿದು ಆಟೋದಲ್ಲಿ ಆಸ್ಪತ್ರೆಗೆ ಹೋದವನು ಮುನೀಂದ್ರನೇ. ಅಂದಿನಿಂದ ಫ್ಯಾಕ್ಟರಿಯ ನಿಯಮ ಅವನ ಬೈಕಿನ ಹಿಂದಿನ ಸೀಟು ಹತ್ತಿ ಮನೆಗೂ ಬಂದು ಕೂತಿತು.

ಹಾಗೆಂದು ಎಲ್ಲವನ್ನೂ ಪ್ರೆಸ್ಸಿನ ತಲೆಗೆ ಕಟ್ಟುವುದೂ ನ್ಯಾಯವಲ್ಲ. ರಾಮಕ್ಕ ಈಗ ಮಗನನ್ನು ನೋಡಿ ನಗುತ್ತಾಳೆ, ಆದರೆ ಅವಳೇನು ಕಮ್ಮಿ ಇರಲಿಲ್ಲ. ಊರಿನ ಹುಡುಗರೆಲ್ಲ ಚಿಕ್ಕಬಾಣಾವರದ ಕೆರೆಗೆ ಧುಮುಕಿ ಎಮ್ಮೆಗಳ ಜೊತೆ ಈಜು ಕಲಿಯುವಾಗ, ಮುನೀಂದ್ರ ಏರಿಯ ಮೇಲೆ ಎಲ್ಲರ ಚಡ್ಡಿ ಅಂಗಿ ಕಾಯುತ್ತಾ ಕೂತಿರುತ್ತಿದ್ದ. ನೀರಿಗೆ ಕಾಲಿಟ್ಟರೆ ನಾನು ಸತ್ತ ಹಾಗೆ ಎಂದು ತಾಯಿ ಆಣೆ ಹಾಕಿಸಿದ್ದಳು. ನಲವತ್ತು ದಾಟಿದರೂ ಅವನಿಗೆ ಈಜು ಬಾರದು.

ಅವನ ಹೆಂಡತಿ ಮಹಾಲಕ್ಷ್ಮಿಯದು ಬೇರೆಯೇ ಜಾಯಮಾನ. ಮನೆಯ ಕೆಳಗಡೆ ಅವಳು ಹಿಟ್ಟಿನ ಗಿರಣಿ ನಡೆಸುತ್ತಾಳೆ. ತಲೆಗೊಂದು ಬಟ್ಟೆ ಕಟ್ಟಿ, ರೆಪ್ಪೆಯ ಮೇಲೆಲ್ಲ ರಾಗಿಹಿಟ್ಟು ಕೂರಿಸಿಕೊಂಡು, ಓಡುವ ಬೆಲ್ಟಿನ ಪಕ್ಕದಲ್ಲಿ ನಿಂತು ಗಿರಾಕಿಗಳ ಜೊತೆ ಹರಟುತ್ತಾಳೆ. ಮುನೀಂದ್ರ ಆ ಬೆಲ್ಟಿನ ಸುತ್ತ ನೆಲಕ್ಕೆ ಹಳದಿ ಗೆರೆ ಬಳಿದಿದ್ದಾನೆ, ಯಾರೂ ದಾಟಬಾರದೆಂದು. ರಾಗಿ ಚೀಲ ಹೊತ್ತು ಬರುವವರು ಅದನ್ನು ರಂಗೋಲಿ ಇರಬೇಕೆಂದು ತಿಳಿದು ಭಕ್ತಿಯಿಂದ ದಾಟುತ್ತಾರೆ.

ಇನ್ನು ಮಗಳು ವೇಣಿ. ಮೂರನೇ ತರಗತಿ, ಎಂಟು ವರ್ಷ, ಎರಡು ಜಡೆ. ಐದು ವರ್ಷದವಳಿದ್ದಾಗಲೇ ಅಪ್ಪನ ಪಕ್ಕ ನಿಂತು ಪುಟ್ಟ ಬೆರಳು ಚಾಚಿ “ಗ್ಯಾಸ್ ಬಂದ್” ಎನ್ನಲು ಕಲಿತಳು. ಮನೆಮಂದಿಯೆಲ್ಲ ನಕ್ಕಿದ್ದೇ ನಕ್ಕಿದ್ದು. ಮುನೀಂದ್ರ ಅದನ್ನು ಮೊಬೈಲಿನಲ್ಲಿ ಹಿಡಿದು ನೆಂಟರ ಗ್ರೂಪಿಗೆಲ್ಲ ಕಳಿಸಿದ. ಮಗು ನಮ್ಮನ್ನು ನೋಡಿ ಕಲಿಯುತ್ತಿದೆ ಎಂದು ನಾವು ಹಿಗ್ಗುತ್ತೇವೆ, ಏನನ್ನು ಕಲಿಯುತ್ತಿದೆ ಎಂದು ಕೇಳುವುದಿಲ್ಲ.

ಅಪ್ಪ ಮಗಳಿಗೆ ಸಂಜೆ ಇನ್ನೊಂದು ಆಟವಿತ್ತು. ಬೈಕಿನ ಸದ್ದು ಕೇಳಿದರೆ ಸಾಕು, ವೇಣಿ ಎಲ್ಲಿದ್ದರೂ ಮೆಟ್ಟಿಲಿಳಿದು ಓಡಿಬರುತ್ತಿದ್ದಳು. ಅಪ್ಪ ಹೆಲ್ಮೆಟ್ ತೆಗೆಯಲೂ ಬಿಡದೆ ಎರಡೂ ಕೈ ಹಿಡಿದುಕೊಂಡು, ಕಿರುಬೆರಳಿನಿಂದ ಹೆಬ್ಬೆರಳವರೆಗೆ ಒಂದೊಂದನ್ನೂ ಮೃದುವಾಗಿ ಹಿಚುಕಿ, ತುಟಿಯಲ್ಲೇ ಏನೋ ಹೇಳಿಕೊಂಡು, ಕೊನೆಯ ಬೆರಳಾದ ಮೇಲೆ ನಿಟ್ಟುಸಿರು ಬಿಟ್ಟು ನಗುತ್ತಿದ್ದಳು. ಆ ನಗುವಿಗೆ ಅವನ ದಿನದ ದಣಿವೆಲ್ಲ ಇಳಿದುಹೋಗುತ್ತಿತ್ತು. ನನ್ನ ಮಗಳಿಗೆ ನನ್ನ ಕೈ ಎಂದರೆ ಪ್ರಾಣ ಎಂದು ಟೀ ಹೊತ್ತಿನಲ್ಲಿ ಅವನು ಜೊತೆಯವರಿಗೆಲ್ಲ ಹೇಳಿಕೊಂಡಿದ್ದ.

ದಸರಾ ರಜೆಗೆ ಮುಂಚೆ ಒಂದು ದಿನ ಶಾಲೆಯಿಂದ ಫೋನು ಬಂತು. ವೇಣಿಯ ಕ್ಲಾಸ್ ಟೀಚರ್ ಶಾಂತಿ ಮೇಡಂ, ಒಂದು ಹತ್ತು ನಿಮಿಷ ಬಂದು ಹೋಗಿ ಎಂದರು. ಮುನೀಂದ್ರ ಅರ್ಧ ದಿನ ರಜೆ ಹಾಕಿ ಓಡಿದ.

ಓದಿನಲ್ಲಿ ಏನೂ ತೊಂದರೆಯಿಲ್ಲ ಎಂದು ಮೇಡಂ ಮೊದಲೇ ಹೇಳಿ ಅವನನ್ನು ಕೂರಿಸಿದರು. ತೊಂದರೆ ಬೇರೆ ಇತ್ತು. ಆಟದ ಪೀರಿಯಡ್ ಬೆಲ್ ಹೊಡೆದು ಉಳಿದ ಮಕ್ಕಳೆಲ್ಲ ಓಡಿಹೋದರೆ ವೇಣಿ ಕ್ಲಾಸಿನಲ್ಲೇ ಉಳಿಯುತ್ತಾಳೆ. ಫ್ಯಾನು, ಲೈಟು, ಕಿಟಕಿಯ ಚಿಲಕ, ಬೆಂಚಿನ ಮೇಲಿನ ನೀರಿನ ಬಾಟಲಿಗಳ ಮುಚ್ಚಳ, ಎಲ್ಲವನ್ನೂ ಬೆರಳಿಟ್ಟು ನೋಡುತ್ತಾಳೆ. ಮುಗಿಸಿ ಬರುವಷ್ಟರಲ್ಲಿ ಅರ್ಧ ಪೀರಿಯಡ್ ಮುಗಿದಿರುತ್ತದೆ. ಬಂದವಳು ಗೋಡೆಗೆ ಆತು ನಿಲ್ಲುತ್ತಾಳೆ. ಹೋದ ವರ್ಷ ಜಾರುಬಂಡೆ ಹತ್ತುತ್ತಿದ್ದವಳು ಈಗ ಹತ್ತುವುದಿಲ್ಲ. ವಾರದಲ್ಲಿ ಎರಡು ಸಲವಾದರೂ ಹೊಟ್ಟೆನೋವು ಎನ್ನುತ್ತಾಳೆ. ರಜೆ ಮುಗಿದ ಮೇಲೆ ಇಡೀ ಕ್ಲಾಸು ಮೆಟ್ರೋದಲ್ಲಿ ಲಾಲ್‌ಬಾಗಿಗೆ ಹೋಗಲಿದೆ, ಬರುವಾಗ ವಿಜ್ಞಾನದ ಮ್ಯೂಸಿಯಂ ನೋಡಿಕೊಂಡು. ಬರುವುದಿಲ್ಲ ಎಂದವಳು ವೇಣಿ ಒಬ್ಬಳೇ.

“ನಾನು ಬೈಲಿಲ್ಲ ಸಾರ್, ಯಾಕೆ ಅಂತ ಕೇಳ್ದೆ ಅಷ್ಟೆ,” ಎಂದರು ಮೇಡಂ. “ನಾನು ನೋಡ್ಲಿಲ್ಲ ಅಂದ್ರೆ ಏನಾದ್ರೂ ಆಗ್ಬಿಡುತ್ತೆ ಮಿಸ್ ಅಂದ್ಲು. ಎಂಟು ವರ್ಷದ ಮಗು ಸಾರ್. ಮನೇಲಿ ಯಾರಾದ್ರೂ ತುಂಬಾ ಗಾಬರಿ ಪಡೋರು ಇದ್ದಾರಾ?”

“ನಮ್ಮಮ್ಮ ಸ್ವಲ್ಪ ಹಂಗೆ ಮೇಡಂ,” ಎಂದ ಮುನೀಂದ್ರ, ಒಂದು ಕ್ಷಣವೂ ಯೋಚಿಸದೆ.

ಮಾತು ಮುಗಿದು ಇಬ್ಬರೂ ಎದ್ದರು. ಕೋಣೆಯಲ್ಲಿ ಇನ್ನು ಯಾರೂ ಇರುವುದಿಲ್ಲವಲ್ಲ ಎಂದು ಮುನೀಂದ್ರ ತಾನೇ ಸ್ವಿಚ್ ಒತ್ತಿ, ನಿಲ್ಲುತ್ತಿದ್ದ ಫ್ಯಾನಿನ ಕಡೆ ಬೆರಳು ಚಾಚಿ, “ಫ್ಯಾನ್ ಬಂದ್” ಎಂದ. ತಿರುಗಿ ನೋಡಿದರೆ ಮೇಡಂ ಅವನ ಬೆರಳನ್ನೇ ನೋಡುತ್ತಿದ್ದರು. ಅವರ ಮುಖದಲ್ಲಿ ಕುಹಕವಿರಲಿಲ್ಲ, ಅಯ್ಯೋ ಪಾಪ ಎನ್ನುವಂಥದ್ದೇನೋ ಇತ್ತು. ಮುನೀಂದ್ರ ಕೈಯನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡು ಹೊರಬಂದ. ಮನೆ ಸೇರುವವರೆಗೆ ಅವನಿಗೆ ತನ್ನ ಬೆರಳಿನ ಮೇಲೆ ನಾಚಿಕೆಯಾಗುತ್ತಿತ್ತು.

ಮನೆಯಲ್ಲಿ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೇಳಿದ. ಲಾಲ್‌ಬಾಗಿಗೆ ಯಾಕೆ ಬೇಡ, ಮೆಟ್ರೋ ಭಯವೇ, ಯಾರಾದರೂ ಏನಾದರೂ ಅಂದರೇ ಎಂದು ಬಗೆಬಗೆಯಾಗಿ ಕೇಳಿದ. ಹೆದರಬೇಡ, ಹೆದರುವಂಥದ್ದು ಏನೂ ಇಲ್ಲ ಎಂದು ಧೈರ್ಯ ಹೇಳಿದ. ಹೇಳುವಾಗ ಅವನ ಹುಬ್ಬು ಗಂಟಿಕ್ಕಿತ್ತು. ವೇಣಿ ಅಪ್ಪನ ಹುಬ್ಬನ್ನೇ ನೋಡುತ್ತಾ ಕೂತಿದ್ದಳು.

ಅದಾಗಿ ಎರಡು ದಿನಕ್ಕೆ ಫ್ಯಾಕ್ಟರಿಯಲ್ಲಿ ತಗಡಿನ ಅಂಚು ತಗುಲಿ ಮುನೀಂದ್ರನ ಎಡಗೈಯ ಉಂಗುರಬೆರಳು ಸ್ವಲ್ಪ ಕೊಯ್ದಿತು. ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುವಾಗ ಆಗುವಷ್ಟು ಗಾಯ. ಫಸ್ಟ್ ಏಡ್ ನೋಡುವವನು ಹೊಸಬ, ಉತ್ಸಾಹದಲ್ಲಿ ತುದಿಯಿಂದ ಬುಡದವರೆಗೆ ದಪ್ಪಗೆ ಬಟ್ಟೆ ಸುತ್ತಿಬಿಟ್ಟಿದ್ದ. ಸಂಜೆ ಬೈಕು ನಿಂತ ಕೂಡಲೇ ವೇಣಿ ಎಂದಿನಂತೆ ಓಡಿಬಂದು ಕೈ ಹಿಡಿದಳು. ಕಿರುಬೆರಳು ಹಿಚುಕಿದಳು. ಪಕ್ಕದ ಬೆರಳಿಗೆ ಬಂದವಳ ಕೈ ಅಲ್ಲೇ ನಿಂತಿತು.

“ಅಪ್ಪಾ,” ಎಂದಳು ತೀರಾ ಮೆಲ್ಲಗೆ, “ಒಳಗಡೆ ಬೆರಳು ಇದೆಯಾ?”

ಮುನೀಂದ್ರನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಗಿರಣಿಯ ಕಟ್ಟೆಯ ಮೇಲೆ ಕೂತುಬಿಟ್ಟ. ಹಲ್ಲಿನಿಂದ ಗಂಟು ಕಚ್ಚಿ ಎಳೆದು ಬಟ್ಟೆಯನ್ನೆಲ್ಲ ಬಿಚ್ಚಿದ. ಬೆರಳು ಇತ್ತು. ವೇಣಿ ಅದನ್ನು ಮುಟ್ಟಿ, ಉಗುರು ಮುಟ್ಟಿ, ಮಡಿಸಿ ನೋಡಿ, ಆಮೇಲೆ ಅಪ್ಪನ ಮಡಿಲಿಗೆ ಮುಖವಿಟ್ಟು ಬಿಕ್ಕಿಬಿಕ್ಕಿ ಅತ್ತಳು. ಗಿರಾಕಿಗಳ ಮುಂದೆಯೇ ಮಹಾಲಕ್ಷ್ಮಿ ಗಿರಣಿ ನಿಲ್ಲಿಸಿ ಬಂದಳು.

ಅಳುವಿನ ನಡುವೆ ಒಂದೊಂದೇ ಮಾತು ಹೊರಬಂತು. ಮೂರು ವರ್ಷದ ಹಿಂದೆ ಅಪ್ಪ ಆಸ್ಪತ್ರೆಯಿಂದ ಬಂದು ಅಮ್ಮನ ಹತ್ತಿರ ಎಲ್ಲ ಹೇಳಿಕೊಂಡು ಅತ್ತದ್ದನ್ನು ಅವಳು ಹೊದಿಕೆಯೊಳಗಿನಿಂದ ಕೇಳಿದ್ದಳು. ಮಗು ಮಲಗಿದೆ ಎಂದು ಇವರು ತಿಳಿದಿದ್ದರು. ಅಪ್ಪನಿಗೂ ಹಾಗಾಗುತ್ತದೆ ಎಂದು ಅವಳಿಗೆ ಅನ್ನಿಸಿತ್ತು. ದಿನಾ ಎಣಿಸಿದರೆ ಆಗುವುದಿಲ್ಲ ಎಂದೂ ಅನ್ನಿಸಿತ್ತು. ಲಾಲ್‌ಬಾಗಿನಿಂದ ಬರುವುದು ಏಳು ಗಂಟೆಯಾಗುತ್ತದಂತೆ, ಅಪ್ಪ ಬರುವುದು ಆರಕ್ಕೆ.

“ನಾನಿಲ್ದೇ ಇದ್ರೆ ಯಾರು ಎಣಿಸ್ತಾರೆ?” ಎಂದಳು ವೇಣಿ.

ಮಗಳಿಗೆ ತನ್ನ ಕೈ ಎಂದರೆ ಪ್ರಾಣ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದವನು ಮುನೀಂದ್ರ. ಅದು ಆಟವಾಗಿರಲಿಲ್ಲ. ಮೂರು ವರ್ಷ, ದಿನವೂ ಸಂಜೆ, ಆ ಮಗು ಪಾಳಿ ಮಾಡುತ್ತಿತ್ತು. ಅವನಿಗೆ ಅಂದು ಅನ್ನ ಇಳಿಯಲಿಲ್ಲ.

ತಟ್ಟೆ ಮುಂದಿಟ್ಟುಕೊಂಡು ಕೂತವನಿಗೆ ಮಹಾಲಕ್ಷ್ಮಿ ಒಂದು ಮಾತು ಹೇಳಿದಳು. ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತೋ ಏನೋ.

“ಅವಳಿಗೆ ಧೈರ್ಯ ಹೇಳೋದು ಬಿಡ್ರೀ. ಅವಳು ನಿಮ್ಮ ಮಾತು ಕೇಳಲ್ಲ, ಮುಖ ನೋಡ್ತಾಳೆ. ಒಂದ್ಸಲ ಫ್ಯಾಕ್ಟರಿಗೆ ಕರ್ಕೊಂಡ್ ಹೋಗಿ.”

ಮುನೀಂದ್ರ ಬೆಚ್ಚಿಬಿದ್ದ. ಪ್ರತಿವರ್ಷ ಆಯುಧ ಪೂಜೆಗೆ ಫ್ಯಾಕ್ಟರಿಯವರ ಮನೆಮಂದಿಯೆಲ್ಲ ಬರುತ್ತಾರೆ, ಮಕ್ಕಳಂತೂ ಹೊಸ ಬಟ್ಟೆ ಹಾಕಿಕೊಂಡು ಯಂತ್ರಗಳ ನಡುವೆ ಲಾಡು ತಿನ್ನುತ್ತಾ ಓಡಾಡುತ್ತವೆ. ಬಾರದಿದ್ದದ್ದು ಅವನ ಮಗಳೊಬ್ಬಳೇ. ಅದು ಮಕ್ಕಳು ಬರುವ ಜಾಗವಲ್ಲ ಎಂದು ಅವನ ವಾದ. ಈಗಲೂ ಅದನ್ನೇ ಹೇಳಲು ಬಾಯಿ ತೆರೆದ. ಬಾಗಿಲ ಬಳಿ ಕೂತಿದ್ದ ರಾಮಕ್ಕ ಎಲೆಗೆ ಸುಣ್ಣ ಸವರುತ್ತಾ ನಡುವೆ ಬಾಯಿ ಹಾಕಿದಳು.

“ಕೆರೆ ತಾವ್ಕೆ ಬಿಡ್ದೆ ನಿನ್ನ ಕಾಪಾಡ್ಕಂಡೆ ಅನ್ಕಂಡಿದ್ದೆ ಕಣಪ್ಪಾ ನಾನು. ಈಗ ನೋಡುದ್ರೆ ನಿಂಗೆ ಈಜೂ ಬರ್ಲಿಲ್ಲ, ಭಯಾನೂ ಓಗ್ಲಿಲ್ಲ. ನಾ ಮಾಡಿದ್ದು ನಂಗೇ ಸಾಕು, ಮಗೀಗೆ ಅಂಗೆ ಮಾಡ್ಬೇಡ.”

ರಾಮಕ್ಕ ತನ್ನ ತಪ್ಪು ಒಪ್ಪಿಕೊಂಡದ್ದನ್ನು ಆ ಮನೆಯಲ್ಲಿ ಯಾರೂ ಅದುವರೆಗೆ ಕೇಳಿರಲಿಲ್ಲ. ಮುನೀಂದ್ರ ತೆರೆದ ಬಾಯಿ ಮುಚ್ಚಿದ.

ಆಯುಧ ಪೂಜೆಯ ದಿನ ಪೀಣ್ಯ ಪೀಣ್ಯವಾಗಿರುವುದಿಲ್ಲ. ಧಡಧಡ ಸದ್ದೆಲ್ಲ ನಿಂತು, ಶೆಡ್ಡು ಶೆಡ್ಡಿಗೂ ಬಾಳೆಕಂದು ಕಟ್ಟಿ, ಲಾರಿಗಳೆಲ್ಲ ಚೆಂಡುಹೂವಿನ ಹಾರ ಹಾಕಿಕೊಂಡು ಮದುವೆಗೆ ಹೊರಟಂತೆ ನಿಂತಿರುತ್ತವೆ. ರಸ್ತೆಯ ತುಂಬ ಒಡೆದ ಬೂದುಗುಂಬಳ. ಅದರ ಮೇಲೆ ಬೈಕು ಜಾರುತ್ತದೆಂದು ಮುನೀಂದ್ರ ಪ್ರತಿವರ್ಷ ಪೊರಕೆ ಹಿಡಿದು ಗೇಟಿನ ಮುಂದೆ ಗುಡಿಸುತ್ತಾನೆ. ಈ ಸಲ ಮಗಳ ಕೈ ಹಿಡಿದು ಆ ಗೇಟಿನೊಳಗೆ ನಡೆದ. ಯಾರ ಕೈ ಬೆವರಿತ್ತು ಎಂದು ಹೇಳುವುದು ಕಷ್ಟ.

ಕುಂಬಳಕಾಯಿ ಒಡೆಯುವವರು ಲಕ್ಷ್ಮಣಪ್ಪ. ಅಲ್ಲಿನ ಅತಿ ಹಳೆಯ ಆಪರೇಟರ್, ಇನ್ನೇನು ನಿವೃತ್ತಿಗೆ ಬಂದವರು. ಪ್ರೆಸ್ಸನ್ನು ಕಾಲಿನಿಂದ ಪೆಡಲ್ ತುಳಿದು ನಡೆಸುತ್ತಿದ್ದ ಕಾಲದಲ್ಲಿ, ಬೇರೆಲ್ಲೋ ಕೆಲಸ ಮಾಡುವಾಗ, ಅವರ ಎಡಗೈಯ ಎರಡು ಬೆರಳು ಹೋಗಿದ್ದವು. ಉಳಿದ ಮೂರು ಬೆರಳಲ್ಲೇ ಅವರು ಕುಂಬಳಕಾಯಿ ಎತ್ತಿ, ಗೇಟಿನ ಮುಂದೆ ಮೂರು ಸುತ್ತು ನಿವಾಳಿಸಿ, ಫಟ್ಟನೆ ಒಡೆದರು. ಎಲ್ಲರೂ ಚಪ್ಪಾಳೆ ತಟ್ಟಿದರು. ವೇಣಿ ಕಣ್ಣು ಮಿಟುಕಿಸದೆ ಆ ಕೈಯನ್ನು ನೋಡುತ್ತಿದ್ದಳು. ಮುನೀಂದ್ರ ಅವಳನ್ನು ಬೇರೆ ಕಡೆ ಎಳೆದುಕೊಂಡು ಹೋಗಲು ನೋಡಿದ. ಅಷ್ಟರಲ್ಲಿ ಲಕ್ಷ್ಮಣಪ್ಪನೇ ಲಾಡಿನ ತಟ್ಟೆ ಹಿಡಿದು ಹತ್ತಿರ ಬಂದರು.

“ತಾತ, ನೋವಾಗುತ್ತಾ?” ಎಂದು ಕೇಳಿಯೇ ಬಿಟ್ಟಳು ವೇಣಿ.

“ಚಳಿಗಾಲ್ದಾಗೆ ಒಸಿ ಜುಮ್ ಅನ್ನುತ್ತೆ ಕಣವ್ವಾ. ಆಗ ಬಿಸಿ ಕಾಫಿ ಲೋಟ ಹಿಡ್ಕಂತೀನಿ. ಸರಿ ಓಗುತ್ತೆ.”

ವೇಣಿ ಸ್ವಲ್ಪ ಯೋಚಿಸಿದಳು. ಆಮೇಲೆ ಆ ಮೂರು ಬೆರಳುಗಳ ನಡುವಿನಿಂದ ಲಾಡು ತೆಗೆದುಕೊಂಡು ಅಲ್ಲೇ ನಿಂತು ತಿಂದಳು.

ಪೂಜೆಯಾದ ಮೇಲೆ ಶಾಸ್ತ್ರಕ್ಕೆಂದು ಒಂದು ಪ್ರೆಸ್ಸಿನಿಂದ ಒಂದು ಏಟು ಹೊಡೆಸುವುದು ಆ ಫ್ಯಾಕ್ಟರಿಯ ಪದ್ಧತಿ. ಅದು ದೊಡ್ಡ ಪ್ರೆಸ್ಸು, ಮುನೀಂದ್ರನಿಗಿಂತ ಎರಡು ಆಳೆತ್ತರ. ವಿಭೂತಿ ಕುಂಕುಮ ಬಳಿಸಿಕೊಂಡು, ಸೇವಂತಿಗೆ ಹಾರ ಹಾಕಿಸಿಕೊಂಡು ಸಾಧು ಎಮ್ಮೆಯ ಹಾಗೆ ನಿಂತಿತ್ತು. ಈ ಸಲ ನಾನು ಹೊಡೆಸುತ್ತೇನೆ ಎಂದು ಮುನೀಂದ್ರ ಕೇಳಿಕೊಂಡ. ಮಗಳನ್ನು ಹಳದಿ ಗೆರೆಯ ಆಚೆ ನಿಲ್ಲಿಸಿ ಯಂತ್ರದ ಮುಂದೆ ಹೋದ. ಬೆರಳಿಂದ ಒಂದೊಂದು ಭಾಗ ತೋರಿಸಿ ಹೇಳಿದ. ಆಮೇಲೆ ಎರಡೂ ತೋಳು ಅಗಲಿಸಿ, ಈ ಕಡೆ ಒಂದು ಆ ಕಡೆ ಒಂದು ಇದ್ದ ಹಸಿರು ಗುಂಡಿಗಳ ಮೇಲೆ ಕೈಯಿಟ್ಟ.

ಎರಡೂ ಗುಂಡಿ ಒಟ್ಟಿಗೆ ಒತ್ತಿದರೆ ಮಾತ್ರ ಇದು ಇಳಿಯುತ್ತದೆ ಎಂದು ಮಗಳಿಗೆ ವಿವರಿಸಿದ. ಎರಡೂ ಕೈ ಗುಂಡಿಯ ಮೇಲಿದ್ದರೆ ದಿಮ್ಮಿಯ ಕೆಳಗೆ ಇಡಲು ಮೂರನೇ ಕೈ ಯಾರಿಗೂ ಇಲ್ಲ. ಮರೆತು ಒಂದು ಕೈ ಎತ್ತಿದರೂ ಅಲ್ಲೇ ನಿಲ್ಲುತ್ತದೆ. ಪಕ್ಕದ ಶೆಡ್ಡಿನಲ್ಲಿ ಬೆರಳು ತೆಗೆದ ಆ ಹಳೆಯ ಯಂತ್ರಕ್ಕೆ ಈ ಗುಂಡಿಗಳು ಇರಲಿಲ್ಲ. ಅವನು ಒತ್ತಿದ. ದಿಮ್ಮಿ ಇಳಿಯಲು ಶುರುವಾಯಿತು.

“ಒಂದು ಕೈ ತೆಗಿ ಅಪ್ಪಾ,” ಎಂದಳು ವೇಣಿ.

ತೆಗೆದ. ದಿಮ್ಮಿ ಗಾಳಿಯಲ್ಲೇ ನಿಂತಿತು. ಇನ್ನೊಂದು ಕೈ ತೆಗಿ ಎಂದಳು. ಮತ್ತೆ ಮಾಡು ಎಂದಳು. ಹಿಂದೆ ನಿಂತ ಜನ ಊಟದ ಹೊತ್ತಾಯಿತೆಂದು ಗೊಣಗುವಷ್ಟು ಸಲ ಮಾಡಿಸಿದಳು. ಪ್ರತಿ ಸಲವೂ ನಿಂತಿತು. ಕೊನೆಗೊಮ್ಮೆ ಪೂರ್ತಿ ಇಳಿಯಲು ಬಿಟ್ಟಾಗ ಧಡಕ್ಕೆಂದ ಸದ್ದಿಗೆ ಕಿವಿ ಮುಚ್ಚಿಕೊಂಡಳು, ಆದರೆ ಕಣ್ಣು ಮುಚ್ಚಲಿಲ್ಲ. ಅವಳು ಯಂತ್ರವನ್ನು ನೋಡುತ್ತಿರಲಿಲ್ಲ, ಅಪ್ಪನ ಮುಖವನ್ನು ನೋಡುತ್ತಿದ್ದಳು.

ಅವನು ಗೆರೆ ದಾಟಿ ಬಂದು ಅವಳೆದುರು ಕುಕ್ಕರಗಾಲಲ್ಲಿ ಕೂತ. ವೇಣಿ ಕೈ ಚಾಚಿ ಅವನ ಹುಬ್ಬಿನ ನಡುವೆ ಮುಟ್ಟಿದಳು.

“ಅಪ್ಪಾ, ನಿಂಗೆ ಇಲ್ಲಿ ಭಯ ಆಗಲ್ವಾ?”

“ಇಲ್ಲ ಮಗಾ. ಇಲ್ಲಿ ಏನ್ ಮಾಡ್ಬೇಕು ಅಂತ ಗೊತ್ತಿದೆ.”

“ಮತ್ತೆ ಮನೇಲಿ ಯಾಕೆ ಭಯ ಪಡ್ತೀಯಾ?”

ಸುತ್ತ ಜನರಿದ್ದರು, ಆದರೂ ಸುಳ್ಳು ಹೇಳಲು ಅವನಿಗೆ ಮನಸ್ಸಾಗಲಿಲ್ಲ.

“ಮನೇಲಿ ನೀನಿದ್ದೀಯಲ್ಲ,” ಎಂದ. “ಅದಕ್ಕೆ. ನಿಂಗೆ ಏನಾದ್ರೂ ಆಗ್ಬಿಟ್ರೆ ಅಂತ. ಅದು ನನ್ನ ಭಯ ಮಗಾ, ನಿಂದಲ್ಲ. ನೀನು ಹೊರಬೇಡ. ನಾನು ನೋಡ್ಕೋತೀನಿ.”

ವೇಣಿಗೆ ಎಷ್ಟು ಅರ್ಥವಾಯಿತೋ ದೇವರಿಗೇ ಗೊತ್ತು. ಇನ್ನೊಂದು ಲಾಡು ಸಿಗುತ್ತದೆಯೇ ಎಂದು ಕೇಳಿದಳು.

ಅಂದಿನಿಂದ ಎಲ್ಲ ಸರಿಹೋಯಿತು ಎಂದರೆ ಅದು ಶುದ್ಧ ಸುಳ್ಳು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ, ಮುನೀಂದ್ರನದು ಅವ್ವನಿಂದಲೇ ಬಂದದ್ದು. ಮಾರನೆಯ ದಿನವೇ ಬೆರಳು ಗ್ಯಾಸಿನ ಕಡೆ ಎದ್ದಿತು, ಅವನು ಅದನ್ನು ಜೇಬಿಗೆ ತುರುಕಿಕೊಂಡ. ಮಗಳು ಮೆಟ್ಟಿಲಿಳಿಯುವಾಗ ಮೆಲ್ಲಗೆ ಮೆಲ್ಲಗೆ ಎಂದು ಕೂಗುತ್ತಿದ್ದವನು ಈಗ ನಾಲಿಗೆ ಕಚ್ಚಿಕೊಂಡು ನಿಂತ. ಕೆಲವು ಸಲ ಕೂಗಿಯೂ ಬಿಟ್ಟ. ಗ್ಯಾಸನ್ನು ನೋಡಲೇಬೇಕೆಂದು ಪ್ರಾಣ ಹೋಗುವಂತಾದರೆ, ಮಗಳು ಶಾಲೆಗೆ ಹೋದ ಮೇಲೆ ಕಳ್ಳನ ಹಾಗೆ ಹೋಗಿ ನೋಡಿಕೊಂಡು ಬರುತ್ತಿದ್ದ. ಅದನ್ನು ಕಂಡ ಮಹಾಲಕ್ಷ್ಮಿ ನಗು ತಡೆಯಲಾರದೆ ಗಿರಣಿಗೆ ಇಳಿದುಹೋಗುತ್ತಿದ್ದಳು. ವೇಣಿಯೂ ಸಂಜೆ ಬೆರಳು ಎಣಿಸುವುದು ಬಿಡಲಿಲ್ಲ. ಆದರೆ ಬೇಗಬೇಗ ಎಣಿಸುತ್ತಿದ್ದಳು, ಒಮ್ಮೊಮ್ಮೆ ಹೆಬ್ಬೆರಳು ಬಿಟ್ಟೇ ಹೋಗುತ್ತಿತ್ತು. ಒಂದು ದಿನ ಶಾಲೆಯಿಂದ ಬಂದವಳು, ನಾನೂ ಲಾಲ್‌ಬಾಗಿಗೆ ಹೆಸರು ಕೊಟ್ಟೆ ಎಂದು ಹಾಲು ಕುಡಿಯುತ್ತಾ ಹೇಳಿದಳು. ಯಾರೂ ಜೋರಾಗಿ ಸಂತೋಷಪಡಲಿಲ್ಲ, ಮತ್ತೆ ಬೇಡ ಎಂದಾಳೆಂದು.

ಹೊರಡುವ ಬೆಳಿಗ್ಗೆ ಅವಳಿಗೆ ಹೊಟ್ಟೆ ನೋಯಿತು. ಬೂಟು ಹಾಕಿಕೊಂಡು ಮಂಚದ ಮೇಲೆ ಕೂತೇ ಇದ್ದಳು. ಮುನೀಂದ್ರನ ಬಾಯಿಗೆ, ಬೇಡ ಬಿಡು ಮಗಾ, ಮುಂದಿನ ವರ್ಷ ಹೋದರಾಯಿತು ಎಂಬ ಮಾತು ಬಂದಿತ್ತು. ಎಷ್ಟು ಸುಲಭದ ಮಾತು. ಅದನ್ನು ಆಡಿದ್ದರೆ ಇಬ್ಬರ ಹೊಟ್ಟೆನೋವೂ ಆಗಲೇ ನಿಲ್ಲುತ್ತಿತ್ತು. ಆಡಲಿಲ್ಲ. ಪಕ್ಕದಲ್ಲಿ ಕೂತು, ನನಗೂ ಸ್ವಲ್ಪ ನೋಯುತ್ತಿದೆ, ಆದರೂ ಕೆಲಸಕ್ಕೆ ಹೊರಟಿದ್ದೇನೆ ಎಂದ.

“ಸಂಜೆ ನೀನೇ ಎಣಿಸ್ಕೋತೀಯಾ?” ಎಂದಳು ವೇಣಿ.

“ಎಣಿಸ್ಕೋತೀನಿ.”

“ಹೆಬ್ಬೆರಳು ಮರೀಬೇಡ.”

ಇಷ್ಟು ಹೇಳಿ ಎದ್ದಳು. ಮೆಟ್ಟಿಲಿಳಿದಳು. ಕೆಳಗೆ ಶಾಲೆಯ ವ್ಯಾನು ಹಾರ್ನ್ ಹೊಡೆಯುತ್ತಿತ್ತು. ಮುನೀಂದ್ರ ಮೇಲಿನ ಗೇಟಿನ ಬಳಿ ನಿಂತಿದ್ದ. ನೀರಿನ ಬಾಟಲಿ, ಟೋಪಿ, ಮೆಟ್ರೋ ಬಾಗಿಲ ಹತ್ತಿರ ನಿಲ್ಲಬೇಡ, ಮೇಡಂ ಕೈ ಬಿಡಬೇಡ, ಎಲ್ಲ ಮಾತೂ ಸಾಲಾಗಿ ಗಂಟಲಿಗೆ ಬಂದು ನಿಂತವು. ಬಲಗೈ ತಾನಾಗಿಯೇ ಏಳತೊಡಗಿತು. ಆಗ ಅವನು ಎರಡೂ ತೋಳು ಅಗಲಿಸಿ ಗೇಟಿನ ಎರಡು ಕಂಬಗಳ ಮೇಲೆ ಅಂಗೈ ಊರಿದ, ಆ ಪ್ರೆಸ್ಸಿನ ಗುಂಡಿಗಳ ಮೇಲೆ ಊರುವ ಹಾಗೆ. ವ್ಯಾನು ತಿರುವಿನಲ್ಲಿ ಮರೆಯಾಗುವವರೆಗೂ ಕೈ ತೆಗೆಯಲಿಲ್ಲ. ವೇಣಿ ಒಮ್ಮೆ ತಿರುಗಿ ನೋಡಿದಳು. ಅಷ್ಟು ದೂರದಿಂದ ಅವಳಿಗೆ ಅವನು ನಗುತ್ತಿದ್ದಂತೆಯೇ ಕಂಡಿರಬೇಕು.

ಸಂಜೆ ಆರಕ್ಕೆ ಬಂದವನು ಗಿರಣಿಯ ಕಟ್ಟೆಯ ಮೇಲೆ ಕೂತು, ಮಾತು ಕೊಟ್ಟಂತೆ, ತನ್ನ ಬೆರಳುಗಳನ್ನು ತಾನೇ ಎಣಿಸಿಕೊಂಡ. ಹೆಬ್ಬೆರಳು ಮರೆಯಲಿಲ್ಲ. ಆರೂವರೆಗೆ ಶಾಂತಿ ಮೇಡಂಗೆ ಫೋನು ಮಾಡೋಣ ಎಂದು ಮೊಬೈಲ್ ತೆಗೆದ. ಮಹಾಲಕ್ಷ್ಮಿ ಅದನ್ನು ಕಿತ್ತುಕೊಂಡು ಗಿರಣಿಯ ಗಲ್ಲಾಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದಳು. ರಾಮಕ್ಕ ಮೇಲಿನಿಂದ ಇಣುಕಿ ವ್ಯಾನು ಬಂತಾ ಎಂದು ಕೇಳಿದಳು, ಮತ್ತೆ ಕೇಳಿದಳು, ಮೂರನೆಯ ಸಲ ಸೊಸೆ ಕಣ್ಣು ಬಿಟ್ಟಾಗ ಒಳಗೆ ಹೋದಳು. ಏಳಾಯಿತು. ಸ್ಟೇಷನ್ನಿನ ಕಡೆಯಿಂದ ರೈಲಿನ ಸದ್ದು ಬಂದು ಹೋಯಿತು. ಬೀದಿದೀಪ ಹತ್ತಿದವು. ಮುನೀಂದ್ರ ಎದ್ದು ಕೂತು, ಕೂತು ಎದ್ದು, ಹಳದಿ ಗೆರೆಯ ಉದ್ದಕ್ಕೂ ಅಡ್ಡಾಡಿದ.

ವ್ಯಾನು ಬಂತು. ಬಾಗಿಲು ತೆರೆದದ್ದೇ ತಡ ವೇಣಿ ಧುಮುಕಿದಳು. ಒಂದು ಜಡೆ ಬಿಚ್ಚಿಹೋಗಿತ್ತು, ಮಂಡಿಯ ಮೇಲೆ ತರಚಿದ ಗಾಯವಿತ್ತು, ಅದಕ್ಕೆ ಯಾರೋ ಹಚ್ಚಿದ ಅರಿಸಿನ ಬಣ್ಣದ ಮುಲಾಮು. ಮುನೀಂದ್ರ ಗಾಯವನ್ನು ಕಂಡ, ಏನೂ ಹೇಳಲಿಲ್ಲ. ಎರಡೂ ಕೈ ಮುಂದೆ ಚಾಚಿ ನಿಂತ, ಅವಳು ಬಂದು ಹಿಡಿಯಲೆಂದು.

ಅವಳು ಓಡಿಬಂದು ಒಂದು ಕೈಗೆ ನೀರಿನ ಬಾಟಲಿ ತುರುಕಿದಳು, ಇನ್ನೊಂದಕ್ಕೆ ಟೋಪಿ. ಟೋಪಿಯೊಳಗೆ ಲಾಲ್‌ಬಾಗಿನ ಯಾವುದೋ ಮರದ ಬೀಜಗಳಿದ್ದವು. ಬೀಳಿಸಬೇಡ ಅಪ್ಪಾ, ಎಣಿಸಿ ಇಟ್ಟಿದ್ದೀನಿ ಎಂದು ಕೂಗುತ್ತಾ, ಕಲ್ಲುಬಂಡೆ ಹತ್ತಿ ಜಾರಿದ್ದನ್ನು ಅಜ್ಜಿಗೆ ಹೇಳಲು ಧಡಧಡ ಮೆಟ್ಟಿಲು ಹತ್ತಿ ಹೋದಳು. ಮೇಲಿನ ಗೇಟು ಹಾಗೆಯೇ ತೆರೆದು ಬಿಟ್ಟಿದ್ದಳು.

ಮುನೀಂದ್ರ ಕೈ ಚಾಚಿದಂತೆಯೇ ನಿಂತಿದ್ದ. ಮಹಾಲಕ್ಷ್ಮಿ ಗಿರಣಿಯ ಬಾಗಿಲಿಗೆ ಬಂದಳು.

“ಎಣಿಸ್ಲಿಲ್ವಾ?”

“ಇಲ್ಲ ಕಣೇ. ಮರ್ತೇ ಹೋದ್ಲು.”

ಬೇಜಾರಾಯಿತಾ ಎಂದು ಕೇಳಲು ಹೊರಟವಳು ಗಂಡನ ಮುಖ ನೋಡಿ ಸುಮ್ಮನಾದಳು. ಅವನು ನಗುತ್ತಿದ್ದ, ಕಣ್ಣಿಂದ ನೀರು ಇಳಿಯುತ್ತಿತ್ತು. ಎರಡೂ ಕೈ ತುಂಬಿದ್ದರಿಂದ ಒರೆಸಿಕೊಳ್ಳಲಾಗದೆ ಹಾಗೆಯೇ ಮೆಟ್ಟಿಲು ಹತ್ತಿದ.